ಗಿರಾಕಿಯ ಮಾತು ಗಿರಾಕಿಯದೇ ಇರಲಿ

ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಬಾಯಿಮಾತೇ ದೊಡ್ಡ ಜಾಹೀರಾತು. ನಾಮಕರಣಕ್ಕೆ ಬಂದ ಬೀಗರು ಅದನ್ನು ಕಣ್ಣಾರೆ ಕಂಡು, ಮಾಡಿದವರ ಮನೆ ಎಲ್ಲಿ ಎಂದು ವಿಚಾರಿಸುತ್ತಾರೆ. ನಮ್ಮ ಕಾಫಿಪುಡಿಗೆ ಆ ಭಾಗ್ಯವಿಲ್ಲ. ಕುಂದಗೋಳದಲ್ಲಿ ಕುಳಿತು ಮೊಬೈಲಿನ ಮೂಲಕ ತರಿಸುವಾಕೆ ತೋಟವನ್ನೂ ಕಾಣಳು, ಪುಡಿಯ ಪರಿಮಳವನ್ನೂ ಅರಿಯಳು. ಮೊದಲು ಕೊಂಡವರ ಮಾತೇ ಆಕೆಗೆ ಆಧಾರ. ಆದ್ದರಿಂದ ನೇರ ಮಾರಾಟಕ್ಕಿಳಿದ ಸದಸ್ಯ ಬಾಂಧವರು ಗಿರಾಕಿಗಳ ಅಭಿಪ್ರಾಯಗಳನ್ನು ಕ್ರಮವಾಗಿ ಸಂಗ್ರಹಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಕೇಳಬೇಕಾದದ್ದು ಪೊಟ್ಟಣ ಮುಟ್ಟಿದ ದಿನವಲ್ಲ, ಅರ್ಧ ತೀರಿದ ಮೇಲೆ. 'ಚೆನ್ನಾಗಿದೆಯೇ?' ಎಂದರೆ 'ಚೆನ್ನಾಗಿದೆ' ಎಂದಷ್ಟೇ ಉತ್ತರ ಬರುವುದು. ಅದರಿಂದ ಯಾರಿಗೂ ಲಾಭವಿಲ್ಲ. ಚಿಕೋರಿ ಹೆಚ್ಚಾಯಿತೇ, ಡಿಕಾಕ್ಷನ್ ಗಟ್ಟಿಯಾಗಿ ಇಳಿಯಿತೇ, ಹಿಂದೆ ಯಾವ ಪುಡಿ ಬಳಸುತ್ತಿದ್ದಿರಿ ಎಂದು ಕೇಳಿರಿ. ಬಂದ ಉತ್ತರವನ್ನು ಅವರ ಒಪ್ಪಿಗೆ ಪಡೆದು, ತಿಂಗಳು ವರ್ಷ ನಮೂದಿಸಿ, ಅವರದೇ ನುಡಿಯಲ್ಲಿ ಹಂಚಿರಿ. 'ಪುಡಿ ಛಲೋ ಐತಿ, ಆದ್ರ ಚೀಲ ಒಡದಿತ್ತು' ಎಂದು ಬರೆದರೆ ಎರಡನೆಯ ಅರ್ಧವನ್ನು ಕತ್ತರಿಸುವುದು ಸಲ್ಲದು. ಅದನ್ನು ಓದಿದವರೇ ಮೊದಲರ್ಧವನ್ನು ನಂಬುತ್ತಾರೆ. ಮೆಚ್ಚುಗೆಗೂ ದೂರಿಗೂ ಒಂದೇ ನೋಟುಬುಕ್ಕು ಇಡಿರಿ. ಎರಡಿಟ್ಟರೆ ದೂರಿನದು ಬೇಗ ಕಳೆದುಹೋಗುತ್ತದೆ!

ಅಳಿಯನಿಂದ ಹೊಗಳಿಕೆ ಬರೆಸುವ ಚಾಳಿಯೂ ಉಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನಿನಲ್ಲಿ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯಂತೆ, ಶಿಫಾರಸು ಮಾಡುವವರ ಅಭಿಪ್ರಾಯ ಪ್ರಾಮಾಣಿಕವಿರಬೇಕು. ಮಾರುವವರೊಡನೆ ಅವರಿಗಿರುವ ಸಂಬಂಧವನ್ನು ಮರೆಮಾಚಬಾರದು.

ಅಡಿಕೆ ಮಾರುವವರಿಗೆ ಇನ್ನೂ ಎಚ್ಚರ ಬೇಕು. 'ಜೀರ್ಣಕ್ಕೆ ಉತ್ತಮ' ಎಂದು ಗಿರಾಕಿ ಮನಸಾರೆ ಬರೆದರೂ ಅದನ್ನು ಹಂಚಕೂಡದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನಮಗೆ ಹಿಡಿಸಲಿ ಬಿಡಲಿ, ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬಣ್ಣ, ಒಣಗಿದ ಹದ, ತೂಕ ಇವುಗಳ ಬಗೆಗಿನ ಮಾತನ್ನಷ್ಟೇ ಹಂಚಿರಿ.