ಬಣ್ಣ ಬಳಿದ ನಕಾಶೆ

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಕಾಣುವ ಬಣ್ಣದ ನಕಾಶೆಯನ್ನು ನಾವು ಬಹು ಬೇಗ ನಂಬಿಬಿಡುತ್ತೇವೆ. 2018ರಲ್ಲಿ ಗದಗ ಜಿಲ್ಲೆಯ ನಾಲ್ಕು ವಿಧಾನಸಭಾ ಕ್ಷೇತ್ರಗಳ ಪೈಕಿ ಶಿರಹಟ್ಟಿ, ರೋಣ, ನರಗುಂದಗಳು ಭಾರತೀಯ ಜನತಾ ಪಕ್ಷದ ಬಣ್ಣ ತಳೆದವು; ಗದಗವೊಂದೇ ಕಾಂಗ್ರೆಸ್ಸಿನದಾಯಿತು. ಆ ಗೆಲುವಿನ ಅಂತರ ಎರಡು ಸಾವಿರ ಮತಗಳಿಗೂ ಕಡಿಮೆ! ಆದರೂ ನಕಾಶೆಯಲ್ಲಿ ಇಡೀ ಕ್ಷೇತ್ರಕ್ಕೆ ಒಂದೇ ಬಣ್ಣ. ಸೋತವರಿಗೆ ಬಿದ್ದ ಎಪ್ಪತ್ತು ಸಾವಿರಕ್ಕೂ ಮಿಕ್ಕ ಮತಗಳು ಎಲ್ಲಿ ಅಡಗಿದವು?

2023ರಲ್ಲಿ ರೋಣವೂ ಕಾಂಗ್ರೆಸ್ಸಿಗೆ ಒಲಿಯಿತು. ರಾಜ್ಯದಲ್ಲಿ ಭಾಜಪದ ಸ್ಥಾನಗಳು 104ರಿಂದ 66ಕ್ಕೆ ಇಳಿದವು. ಆದರೆ ಅದರ ಮತಗಳ ಪಾಲು ಎರಡು ಸಲವೂ ಶೇಕಡಾ 36ರ ಆಸುಪಾಸಿನಲ್ಲಿಯೇ ಇತ್ತು. ಕಾಂಗ್ರೆಸ್ಸಿನ ಪಾಲು ಮಾತ್ರ 38ರಿಂದ 43ರ ಹತ್ತಿರಕ್ಕೆ ಏರಿತ್ತು.

ಮತಗಟ್ಟೆವಾರು ಲೆಕ್ಕ ನಮೂನೆ 20ರಲ್ಲಿ ದೊರೆಯುತ್ತದೆ. ಅದನ್ನು ಹಿಡಿದು, ಮತಪ್ರಮಾಣಕ್ಕೆ ತಕ್ಕಂತೆ ಬಣ್ಣವನ್ನು ತಿಳಿಯಾಗಿಯೋ ಗಾಢವಾಗಿಯೋ ಬಳಿದರೆ, ಕುರ್ತಕೋಟಿಯಂಥ ಊರಿನೊಳಗಿನ ಭಿನ್ನಮತವೂ ಕಣ್ಣಿಗೆ ಬಿದ್ದೀತು. ಎರೆಹೊಲ ಮತ ಹಾಕುವುದಿಲ್ಲ. ಅದನ್ನು ಉಳುವವರು ಹಾಕುತ್ತಾರೆ. ಆದುದರಿಂದ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ನಕಾಶೆಯಲ್ಲಿ ಸೋತವರ ಮತವನ್ನೂ ಹುಡುಕಿರಿ. ಅದೂ ಈ ಸೀಮೆಯ ಜನರದೇ ಮಾತು.