ಹೆಗಲ ಮೇಲಿನ ನಕ್ಷತ್ರ, ಕಡತದೊಳಗಿನ ತಾರೀಖು

ನಿವೃತ್ತ ಸೇನಾ ವೈದ್ಯರು ನಾಲ್ಕು ಜನ ಸೇರಿದರೆ ಮಾತು ಮೊದಲು ಮೊಣಕಾಲು ನೋವಿಗೆ, ಆಮೇಲೆ ಸೀನಿಯಾರಿಟಿಗೆ ಬರುತ್ತದೆ. ಯಾರಿಗೆ ಎಷ್ಟು ತಿಂಗಳು ಆ್ಯಂಟಿಡೇಟ್ ಸಿಕ್ಕಿತು, ಯಾರ ಇಂಟರ್ನ್‌ಶಿಪ್ ಲೆಕ್ಕಕ್ಕೆ ಬರಲಿಲ್ಲ, ಯಾರು ಕೋರ್ಟಿಗೆ ಹೋಗಿ ಗೆದ್ದರು ಎಂಬ ಸುದ್ದಿಗಳು ಬಾಯಿಂದ ಬಾಯಿಗೆ ಹೋಗುತ್ತಾ ಅರ್ಧ ನಿಜ, ಅರ್ಧ ಐತಿಹ್ಯ ಆಗಿಬಿಡುತ್ತವೆ. ಅದನ್ನೇ ನಂಬಿ ಅರ್ಜಿ ಹಾಕಿದವರಿದ್ದಾರೆ. ಅದನ್ನೇ ನಂಬಿ ಅರ್ಜಿ ಹಾಕದೆ ಉಳಿದವರು ಅವರಿಗಿಂತ ಹೆಚ್ಚು.

“ಡಾಕ್ಟರಿಗೆ ಕೊಡುವ ರ್‍ಯಾಂಕ್ ಬರೀ ಮರ್ಯಾದೆಗೆ”

ಅಲ್ಲ. ಆರ್ಮಿ ಮೆಡಿಕಲ್ ಕೋರ್‌ನ ಕ್ಯಾಪ್ಟನ್ನಿಗೂ ರಾಷ್ಟ್ರಪತಿಗಳ ಹೆಸರಿನಲ್ಲೇ ಕಮಿಷನ್ ಸಿಗುವುದು, 1950ರ ಸೇನಾ ಕಾಯ್ದೆಯೇ ಅನ್ವಯಿಸುವುದು. ಯುದ್ಧದಲ್ಲಿ ವೈದ್ಯರಿಗೆ ಜಿನೀವಾ ಒಪ್ಪಂದಗಳ ರಕ್ಷಣೆ ಇದೆ ಎಂದಮಾತ್ರಕ್ಕೆ ಅವರ ರ್‍ಯಾಂಕ್ ಅರ್ಧ ರ್‍ಯಾಂಕ್ ಆಗುವುದಿಲ್ಲ. ಸಂಬಳ, ಬಡ್ತಿ, ಪಿಂಚಣಿ ಎಲ್ಲವೂ ಅದರ ಮೇಲೇ ನಿಂತಿವೆ. ಮರ್ಯಾದೆಯ ವಿಷಯ ಮಾತ್ರ ಆಗಿದ್ದರೆ ಇಷ್ಟೊಂದು ಮೊಕದ್ದಮೆಗಳು ಯಾಕೆ ಬರುತ್ತಿದ್ದವು?

“ಓದಿದ ವರ್ಷಗಳೂ ಸರ್ವಿಸ್ಸಿಗೆ ಸೇರುತ್ತವೆ”

ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸಮವಸ್ತ್ರ ಹಾಕಿ, ಡ್ರಿಲ್ ಮಾಡಿ, ಎಂಬಿಬಿಎಸ್ ಮುಗಿಸಿದವರು ಇದನ್ನು ಸಹಜವಾಗಿ ನಂಬುತ್ತಾರೆ. ಆದರೆ ಅಲ್ಲಿ ಅವರು ಕೆಡೆಟ್‌ಗಳು, ಅಧಿಕಾರಿಗಳಲ್ಲ. ಕಮಿಷನ್ ಸಿಗುವುದು ಅಂತಿಮ ಪರೀಕ್ಷೆ ದಾಟಿದ ಮೇಲೆ, ಅಧಿಕಾರಿಯ ಸೇವೆಯ ಲೆಕ್ಕ ಶುರುವಾಗುವುದೂ ಆಗಲೇ. ಹೊರಗಿನ ಕಾಲೇಜುಗಳಲ್ಲಿ ಓದಿ ಶಾರ್ಟ್ ಸರ್ವಿಸ್ ಕಮಿಷನ್ನಿನಲ್ಲಿ ಬಂದವರ ಹಾದಿ ಬೇರೆ. ಅವರು ಹೊರಗೆ ಮಾಡಿದ ಇಂಟರ್ನ್‌ಶಿಪ್ಪಿಗೋ ಸ್ನಾತಕೋತ್ತರ ಪದವಿಗೋ ನಿಯಮದ ಮಿತಿಯೊಳಗೆ ಕೆಲವು ತಿಂಗಳ ಜ್ಯೇಷ್ಠತೆಯನ್ನು ಹಿಂದಕ್ಕೆ ಸರಿಸಿ ಕೊಡುವ ಪದ್ಧತಿ ಇದೆ. ಇದೇ ಆ ಪ್ರಸಿದ್ಧ ಆ್ಯಂಟಿಡೇಟ್.

ಗೊಂದಲ ಹುಟ್ಟುವುದು ಇಲ್ಲೇ. ಆ್ಯಂಟಿಡೇಟ್ ಸಿಕ್ಕಿದರೆ ಅದು ಎಲ್ಲದಕ್ಕೂ ಸಿಕ್ಕಿತು ಎಂದು ಜನ ಭಾವಿಸುತ್ತಾರೆ. ಬಡ್ತಿಯ ಸರದಿಗೆ ಎಣಿಸುವ ಸೇವೆ, ಸಂಬಳಕ್ಕೆ ಎಣಿಸುವ ಸೇವೆ, ಪಿಂಚಣಿಗೆ ಎಣಿಸುವ ಅರ್ಹತಾ ಸೇವೆ ಮೂರೂ ಬೇರೆ ಬೇರೆ ಲೆಕ್ಕಗಳು. ಒಂದರಲ್ಲಿ ಸೇರಿದ್ದು ಇನ್ನೊಂದರಲ್ಲಿ ಸೇರಲೇಬೇಕೆಂದಿಲ್ಲ. ಯಾವುದಕ್ಕೆ ಸೇರಿತು ಎಂಬುದನ್ನು ಆ ಆದೇಶದ ಸಾಲುಗಳಲ್ಲೇ ಹುಡುಕಬೇಕು, ಬ್ಯಾಚ್‌ಮೇಟ್ ಹೇಳಿದ್ದರಲ್ಲಿ ಅಲ್ಲ.

ಅಮೆರಿಕದ ಸೇನೆಯಲ್ಲಿ ಈ ಭೇದ ಇನ್ನೂ ನಿಚ್ಚಳ. ಅಲ್ಲಿ ವೈದ್ಯಕೀಯ ಶಾಲೆಯ ನಾಲ್ಕು ವರ್ಷಗಳಿಗೆ ‘ಕನ್‌ಸ್ಟ್ರಕ್ಟಿವ್ ಸರ್ವಿಸ್ ಕ್ರೆಡಿಟ್’ ಕೊಡುತ್ತಾರೆ, ಅಂದರೆ ಮಾಡದ ಸೇವೆಯನ್ನು ಮಾಡಿದಂತೆ ಎಣಿಸುತ್ತಾರೆ. ಅದರಿಂದಲೇ ಹೊಸ ವೈದ್ಯರು ನೇರವಾಗಿ ಕ್ಯಾಪ್ಟನ್ ಆಗಿ ಸೇರುವುದು. ಆದರೆ ಈ ಲೆಕ್ಕ ರ್‍ಯಾಂಕಿಗೆ ಮತ್ತು ಬಡ್ತಿಯ ಸರದಿಗೆ ಮಾತ್ರ. ಮೂಲ ವೇತನದ ವರ್ಷಗಳಿಗಾಗಲೀ ನಿವೃತ್ತಿಯ 20 ವರ್ಷಗಳಿಗಾಗಲೀ ಅದು ಸೇರುವುದಿಲ್ಲ. ಅಲ್ಲಿಯೂ ಇದನ್ನು ತಪ್ಪು ತಿಳಿದು ನಿವೃತ್ತಿಯ ಹೊತ್ತಿಗೆ ಬೇಸ್ತು ಬೀಳುವವರಿದ್ದಾರೆ.

ನಮ್ಮಲ್ಲೂ ಅಧಿಕಾರಿಯ ಪಿಂಚಣಿಗೆ 20 ವರ್ಷಗಳ ಅರ್ಹತಾ ಸೇವೆ ಬೇಕು. ವೈದ್ಯರ ಶಾರ್ಟ್ ಸರ್ವಿಸ್ ಕಮಿಷನ್ ಗರಿಷ್ಠ 14 ವರ್ಷ. ಆದ್ದರಿಂದ ಖಾಯಂ ಕಮಿಷನ್ ಸಿಗದೆ ಹೊರಬಂದವರಿಗೆ ಗ್ರಾಚ್ಯುಟಿ ಉಂಟು, ಮಾಸಿಕ ಪಿಂಚಣಿ ಇಲ್ಲ. “ಸೈನ್ಯದಲ್ಲಿದ್ದವರಿಗೆಲ್ಲ ಪಿಂಚಣಿ” ಎಂದು ಊರವರು ಹೇಳುವುದನ್ನು ಕೇಳಿ ಇಂಥವರು ಸುಮ್ಮನೆ ನಕ್ಕುಬಿಡುತ್ತಾರೆ.

“ಎಲ್ಲವೂ ಒಂದೇ ಫೈಲಿನಲ್ಲಿರುತ್ತೆ, ಒಂದು ಕಡೆ ತಿದ್ದಿಸಿದರೆ ಆಯ್ತು”

ಸೇನಾ ವೈದ್ಯರ ಬಡ್ತಿ, ವರ್ಗಾವಣೆ ದೆಹಲಿಯ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶನಾಲಯದಲ್ಲಿ ತೀರ್ಮಾನವಾಗುತ್ತದೆ. ಭೂಸೇನೆಯ ಅಧಿಕಾರಿಗಳ ಸಂಬಳದ ಲೆಕ್ಕ ಪುಣೆಯ ಲೆಕ್ಕಪತ್ರ ಕಚೇರಿಯದು, ಪಿಂಚಣಿ ಆದೇಶ ಹೊರಡುವುದು ಪ್ರಯಾಗರಾಜ್‌ನಿಂದ. ಈಗ ಪಿಂಚಣಿಯೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ, ನಿಜ. ಆದರೆ ಕಂಪ್ಯೂಟರಿಗೆ ಹೋಗುವುದು ಹಳೆಯ ಕಾಗದದಲ್ಲಿದ್ದ ತಾರೀಖೇ. ಜೊತೆಗೆ ವೈದ್ಯರು ಮೂರು ಪಡೆಗಳ ನಡುವೆ ಓಡಾಡುವವರು. ಪುನೀತಾ ಅರೋರಾ ಅವರು 2004ರಲ್ಲಿ ಭೂಸೇನೆಯ ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದ ಮೊದಲ ಮಹಿಳೆ, ಆಮೇಲೆ ನೌಕಾಪಡೆಗೆ ಬಂದು ಸರ್ಜನ್ ವೈಸ್ ಅಡ್ಮಿರಲ್ ಆದರು. ಅಂಥವರ ಹಿಂದೆ ಎಷ್ಟು ಕಚೇರಿಗಳ ಕಾಗದ ಓಡಾಡಿರಬೇಡ!

ಎರಡು ಕಚೇರಿಗಳಲ್ಲಿ ಎರಡು ತಾರೀಖು ಇದ್ದರೆ ಏನಾಗುತ್ತದೆ ಎಂಬುದನ್ನು ಇಡೀ ದೇಶ ನೋಡಿದೆ. ಜನರಲ್ ವಿ.ಕೆ. ಸಿಂಗ್ ವೈದ್ಯರಲ್ಲ, ಆದರೆ ಈ ಪಾಠಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಡ್ಜುಟೆಂಟ್ ಜನರಲ್ ಶಾಖೆಯ ದಾಖಲೆಯಲ್ಲಿ ಅವರು ಹುಟ್ಟಿದ್ದು 1951ರ ಮೇ 10, ಬಡ್ತಿಗಳನ್ನು ನೋಡುವ ಮಿಲಿಟರಿ ಸೆಕ್ರೆಟರಿ ಶಾಖೆಯಲ್ಲಿ 1950ರ ಮೇ 10. ಎಸ್ಸೆಸ್ಸೆಲ್ಸಿಯಂಥ ಶಾಲಾ ಪ್ರಮಾಣಪತ್ರ ಒಂದು ಹೇಳುತ್ತಿತ್ತು, ಹುಡುಗನಾಗಿದ್ದಾಗ ತುಂಬಿದ ಯುಪಿಎಸ್‌ಸಿ ಅರ್ಜಿ ಇನ್ನೊಂದು ಹೇಳುತ್ತಿತ್ತು. ಸೇನಾ ಮುಖ್ಯಸ್ಥರಾಗಿದ್ದಾಗಲೇ ಅವರು ಸುಪ್ರೀಂ ಕೋರ್ಟಿಗೆ ಹೋದರು. 2012ರ ಫೆಬ್ರುವರಿ 10ರಂದು ಅರ್ಜಿ ಹಿಂತೆಗೆದುಕೊಂಡರು, ಅದೇ ಮೇ 31ಕ್ಕೆ ನಿವೃತ್ತರಾದರು. ಬಡ್ತಿಯ ಹೊತ್ತಿನಲ್ಲಿ 1950ನ್ನು ಒಪ್ಪಿ ಬರೆದುಕೊಟ್ಟ ಪತ್ರಗಳೇ ಅವರಿಗೆ ಮುಳುವಾದವು. ಇಡೀ ಸೇನೆಯ ದಂಡನಾಯಕನಿಗೇ ಹೀಗಾದರೆ, ಗಡಿಯ ಫೀಲ್ಡ್ ಆಸ್ಪತ್ರೆಯ ಮೇಜರ್ ಒಬ್ಬರ ಇಂಟರ್ನ್‌ಶಿಪ್ ತಾರೀಖನ್ನು ಕೇಳುವವರು ಯಾರು? ತಪ್ಪಿರುವ ಪ್ರತಿಯೊಂದು ಕಚೇರಿಯಲ್ಲೂ ಅದನ್ನು ತಿದ್ದಿಸಬೇಕು. ತಪ್ಪಿರುವ ಕಾಗದಕ್ಕೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

“ಅನ್ಯಾಯವಾಗಿದ್ದರೆ ಯಾವಾಗ ಬೇಕಾದರೂ ಕೇಳಬಹುದು”

ಇದರ ಜೊತೆಗೇ ಇನ್ನೊಂದು ನಂಬಿಕೆ ಓಡಾಡುತ್ತದೆ: “ರಿಟೈರ್ ಆದಮೇಲೆ ಏನೂ ಮಾಡಲಾಗದು.” ಎರಡೂ ತಪ್ಪು, ಎರಡರಲ್ಲೂ ಒಂದು ಚೂರು ನಿಜವಿದೆ. ಅದನ್ನು ಬಿಡಿಸಿ ಹೇಳಿದ್ದು ಸುಪ್ರೀಂ ಕೋರ್ಟಿನ 2008ರ ಆಗಸ್ಟ್ ತಿಂಗಳ ಒಂದು ತೀರ್ಪು. 1983ರಲ್ಲಿ ಅನಾರೋಗ್ಯದ ಕಾರಣಕ್ಕೆ ಸೇನೆಯಿಂದ ಹೊರಬಿದ್ದ ಯೋಧರೊಬ್ಬರು 1999ರಲ್ಲಿ ಅಂಗವೈಕಲ್ಯ ಪಿಂಚಣಿ ಕೇಳಿ ಹೈಕೋರ್ಟಿಗೆ ಹೋಗಿದ್ದರು. ಹದಿನಾರು ವರ್ಷ ತಡ.

ಪಿಂಚಣಿ ತಪ್ಪಾಗಿದ್ದರೆ ಆ ತಪ್ಪು ತಿಂಗಳು ತಿಂಗಳೂ ಹೊಸದಾಗಿ ನಡೆಯುತ್ತಿರುತ್ತದೆ, ಆದ್ದರಿಂದ ತಡವಾದರೂ ಕೇಳಬಹುದು, ಆದರೆ ಹಿಂಬಾಕಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ ಎಂದಿತು ನ್ಯಾಯಾಲಯ. ಜ್ಯೇಷ್ಠತೆ, ಬಡ್ತಿಯ ವಿಷಯಕ್ಕೆ ಬಂದಾಗ ಈ ಸಡಿಲಿಕೆ ಇಲ್ಲ. ಯಾಕೆಂದರೆ ಒಬ್ಬರನ್ನು ಸರದಿಯಲ್ಲಿ ಮೇಲೆ ಹತ್ತಿಸಿದರೆ ಇನ್ನೊಬ್ಬರು ಕೆಳಗಿಳಿಯುತ್ತಾರೆ. ವರ್ಷಗಟ್ಟಲೆ ನೆಮ್ಮದಿಯಾಗಿದ್ದ ಆ ಇನ್ನೊಬ್ಬರ ಪಾಲನ್ನು ತಡವಾಗಿ ಬಂದವರಿಗಾಗಿ ಕೋರ್ಟು ಕದಡಲು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ತಿಳಿದಿರಲೇಬೇಕಾದ ಮಾತು ಇದೊಂದೇ: ಹಣದ ತಪ್ಪು ಕಾಯುತ್ತದೆ, ಸರದಿಯ ತಪ್ಪು ಕಾಯುವುದಿಲ್ಲ. ಆ್ಯಂಟಿಡೇಟ್ ಕೈತಪ್ಪಿದ ವೈದ್ಯರು ಲೆಫ್ಟಿನೆಂಟ್ ಕರ್ನಲ್ ಬಡ್ತಿ ತಪ್ಪಿದ ದಿನ ಎಚ್ಚೆತ್ತರೆ ಆಗಲೇ ಹೊತ್ತು ಮೀರಿರುತ್ತದೆ. ಕ್ಯಾಪ್ಟನ್ ಆಗಿದ್ದಾಗಲೇ ಕಾಗದ ಬರೆಯಬೇಕಿತ್ತು.

ಕಾಗದ ಎಲ್ಲಿಗೆ ಎಂದರೆ ಮೊದಲು ಮೇಲಧಿಕಾರಿಗಳ ಮೂಲಕ ದೂರು, ಭೂಸೇನೆಯ ಅಧಿಕಾರಿಗಳಿಗಾದರೆ ಸೇನಾ ಕಾಯ್ದೆಯ 27ನೇ ಕಲಮಿನ ಶಾಸನಬದ್ಧ ದೂರು. ಅದಾದ ಮೇಲೆ 2007ರ ಕಾಯ್ದೆಯಂತೆ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ದೂರಿಗೆ ಆರು ತಿಂಗಳಾದರೂ ಉತ್ತರ ಬರದಿದ್ದರೆ ಅಲ್ಲಿಂದ ಮುಂದಿನ ಆರು ತಿಂಗಳು. ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಮಂಡಳಿ ಮನ್ನಿಸಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

“ಕೋರ್ಟಿಗೆ ಹೋದವರಿಗೆ ಮಾತ್ರ ನ್ಯಾಯ”

ಇಲಾಖೆಗಳೇ ಹಬ್ಬಿಸಿದ ನಂಬಿಕೆ ಇದು. ಆರ್ಮಿ ಡೆಂಟಲ್ ಕೋರ್‌ಗೆ 2008ರಲ್ಲಿ ಸೇರಿದ ದಂತವೈದ್ಯೆಯೊಬ್ಬರ ಕಥೆ ಕೇಳಿ. ಶಾರ್ಟ್ ಸರ್ವಿಸ್‌ನಲ್ಲಿದ್ದವರಿಗೆ ಖಾಯಂ ಕಮಿಷನ್ನಿನ ಪರೀಕ್ಷೆ ಬರೆಯಲು ಮೂರು ಅವಕಾಶ ಇತ್ತು. 2013ರ ಮಾರ್ಚಿನಲ್ಲಿ ನಿಯಮ ಬದಲಾಗಿ ವಯಸ್ಸಿನ ಸಡಿಲಿಕೆ ಹೋಯಿತು, ಅವರ ಮೂರನೆಯ ಅವಕಾಶವೂ ಅದರ ಜೊತೆಗೇ ಹೋಯಿತು. ಅದೇ ಪಾಡಿನಲ್ಲಿದ್ದ ಕೆಲವರು ನ್ಯಾಯಮಂಡಳಿಗೆ ಹೋಗಿ 2014ರ ಜನವರಿಯಲ್ಲಿ ಗೆದ್ದರು. ಇವರು ಆ ಅರ್ಜಿಯಲ್ಲಿ ಸೇರಿರಲಿಲ್ಲ. “ನೀವು ಅರ್ಜಿದಾರರಲ್ಲ” ಎಂಬ ಒಂದೇ ಕಾರಣಕ್ಕೆ ಆ ಲಾಭ ಇವರಿಗೆ ಸಿಗಲಿಲ್ಲ.

2024ರ ಡಿಸೆಂಬರ್ 9ರಂದು ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಸಿಯಾಚಿನ್‌ನಂಥ ಕಡೆ ಕಾವಲಿರುವ ಯೋಧರಿಗೆ ತಮ್ಮ ಸೇವಾ ನಿಯಮಗಳ ಯೋಚನೆ ಕೊನೆಗೆ ಬರುವಂಥದ್ದು, ಅಂಥವರಿಗೆ ‘ತೀರ್ಪು ಅರ್ಜಿ ಹಾಕಿದವರಿಗಷ್ಟೇ’ ಎನ್ನುವುದು ಸರಿಯೇ ಎಂಬ ಅರ್ಥದ ಪ್ರಶ್ನೆಯನ್ನು ಪೀಠ ಎತ್ತಿತು. ಉಳಿದವರಿಗೆ ಸಿಕ್ಕಿದ ತಾರೀಖಿನಿಂದಲೇ ಇವರಿಗೂ ಖಾಯಂ ಕಮಿಷನ್, ಜ್ಯೇಷ್ಠತೆ, ಬಡ್ತಿ, ಹಿಂಬಾಕಿ ಎಲ್ಲ ಕೊಡಲು ಹೇಳಿತು. ತೀರ್ಪು ಚೆನ್ನಾಗಿದೆ, ಸಂತೋಷ. ಆದರೆ ‘ನಿಮ್ಮಂಥವರಿಗೂ ಅನ್ವಯ’ ಎಂಬ ಒಂದು ಮಾತು ಹೇಳಿಸಲು ಆ ಅಧಿಕಾರಿ ಹತ್ತು ವರ್ಷ ಓಡಾಡಬೇಕಾಯಿತು ಎಂಬುದನ್ನು ಮರೆತು ಯಾರೂ ಮನೆಯಲ್ಲಿ ಕೂರಬಾರದು.

“ತಿದ್ದಿದರೆ ಲಾಭವೇ”

ಲೆಕ್ಕ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಬರುತ್ತದೆ. 1996ಕ್ಕೆ ಮೊದಲು ನಿವೃತ್ತರಾದ ರಕ್ಷಣಾ ವೈದ್ಯಾಧಿಕಾರಿಗಳ ಪಿಂಚಣಿಗೆ ಎನ್‌ಪಿಎ, ಅಂದರೆ ಖಾಸಗಿ ಪ್ರಾಕ್ಟೀಸ್ ಬಿಟ್ಟದ್ದಕ್ಕೆ ಕೊಡುವ ಭತ್ಯೆ, ಸೇರಿಸಿ ಲೆಕ್ಕ ಹಾಕಿದ್ದರು. 2001ರಲ್ಲಿ ಸ್ಪಷ್ಟೀಕರಣ ಬಂದು ಅದು ತಪ್ಪು ಎಂದಾಯಿತು, ಕೊಟ್ಟ ಹಣ ವಾಪಸ್ ಕೇಳಿದರು. 2006ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಅರ್ಥವನ್ನೇ ಎತ್ತಿಹಿಡಿಯಿತು, ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳಬೇಡಿ ಎಂದಿತು. ಪಡೆದವರು ಸುಳ್ಳು ಹೇಳಿ ಪಡೆದಿರಲಿಲ್ಲ, ತಪ್ಪು ಓದಿದ್ದು ಕಚೇರಿ.

“ಹೋದವರ ದಾಖಲೆ ಹೋದಂತೆಯೇ”

ಹಾಗೇನೂ ಇಲ್ಲ. ಅಮೆರಿಕದಲ್ಲಿ 1946ರ ಒಂದು ಕಾಯ್ದೆ ಸೇನಾ ದಾಖಲೆ ತಿದ್ದಲು ಸೇನೇತರರೇ ಇರುವ ಮಂಡಳಿಗಳಿಗೆ ದಾರಿ ಮಾಡಿತು. ಅದಕ್ಕೆ ಮೊದಲು ಒಬ್ಬೊಬ್ಬರ ದಾಖಲೆಗೂ ಸಂಸತ್ತೇ ಪ್ರತ್ಯೇಕ ಮಸೂದೆ ತರಬೇಕಿತ್ತು. ಅಂತರ್ಯುದ್ಧದ ಶಸ್ತ್ರವೈದ್ಯೆ ಮೇರಿ ವಾಕರ್‌ಗೆ 1865ರಲ್ಲಿ ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಮೆಡಲ್ ಆಫ್ ಆನರ್ ಕೊಟ್ಟಿದ್ದರು. 1917ರಲ್ಲಿ ನಿಯಮ ಬಿಗಿಯಾಗಿ ಅವರ ಹೆಸರು ಪಟ್ಟಿಯಿಂದ ಹೊರಬಿತ್ತು. ಆಕೆ ಪದಕ ಹಿಂತಿರುಗಿಸಲಿಲ್ಲ, 1919ರಲ್ಲಿ ತೀರಿಕೊಳ್ಳುವವರೆಗೆ ಹಾಕಿಕೊಂಡೇ ಓಡಾಡಿದರು. 1977ರಲ್ಲಿ ಈ ಮಂಡಳಿಯ ಮೂಲಕ ಹೆಸರು ವಾಪಸ್ ಬಂತು.

ಅದೇ ಜಾನ್ಸನ್ 1869ರಲ್ಲಿ ಕ್ಷಮಾದಾನ ಕೊಟ್ಟ ಇನ್ನೊಬ್ಬ ವೈದ್ಯ ಸ್ಯಾಮ್ಯುಯೆಲ್ ಮಡ್. ಲಿಂಕನ್‌ರನ್ನು ಕೊಂದವನ ಮುರಿದ ಕಾಲಿಗೆ ಪಟ್ಟಿ ಕಟ್ಟಿ ಸೇನಾ ನ್ಯಾಯಾಲಯದಿಂದ ಶಿಕ್ಷೆ ಪಡೆದವರು. ಆ ಶಿಕ್ಷೆಯನ್ನು ಅಳಿಸಿ ಎಂದು 1992ರಲ್ಲಿ ಮಂಡಳಿ ಹೇಳಿತು, ಸೇನೆ ಒಪ್ಪಲಿಲ್ಲ. 2002ರಲ್ಲಿ ನ್ಯಾಯಾಲಯ, ಅವರು ಸೈನಿಕರೇ ಅಲ್ಲ, ಹಾಗಾಗಿ ಈ ಕಾಯ್ದೆಯಡಿ ವಂಶಸ್ಥರು ಕೇಳುವಂತಿಲ್ಲ ಎಂದಿತು. ವಾಕರ್ ಕೂಡ ಕಮಿಷನ್ ಇಲ್ಲದ ಗುತ್ತಿಗೆ ವೈದ್ಯೆಯಾಗಿದ್ದವರು ಎಂಬುದನ್ನು ನೆನೆದರೆ ತರ್ಕ ಸ್ವಲ್ಪ ತಡವರಿಸುತ್ತದೆ.

ನಮ್ಮ 2007ರ ಕಾಯ್ದೆ ಈ ವಿಷಯದಲ್ಲಿ ಉದಾರಿ. ಸೇವೆಯ ವಿಷಯಗಳಲ್ಲಿ ಅವಲಂಬಿತರು, ವಾರಸುದಾರರೂ ಅರ್ಜಿ ಹಾಕಬಹುದು. ಕರ್ನಾಟಕ ಬರುವುದು ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ. ತೀರಿಕೊಂಡ ವೈದ್ಯಾಧಿಕಾರಿಯ ಹೆಂಡತಿಯೋ ಮಗನೋ ಅಲ್ಲಿಗೆ ಹೊರಡುವ ಮೊದಲು ಟ್ರಂಕಿನಲ್ಲಿ ಮೂರು ಕಾಗದ ಹುಡುಕಲಿ: ಕಮಿಷನ್ ಪ್ರಕಟವಾದ ಗೆಜೆಟ್ ಅಧಿಸೂಚನೆ, ಬಡ್ತಿಯನ್ನು ದಾಖಲಿಸಿದ ಪಾರ್ಟ್ ಟು ಆರ್ಡರ್, ಪಿಪಿಓ ಅಂದರೆ ಪಿಂಚಣಿ ಆದೇಶ. ಮೂರರಲ್ಲಿರುವ ಸೇವೆಯ ತಾರೀಖುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲಿ.