ಅಂಕಿತವೂ ಅಂಕಿಯೂ

ವಚನಗಳಿಗೆ ಅಂಕಿತವೇ ಗುರುತು. 'ಕೂಡಲಸಂಗಮದೇವ' ಎಂದೊಡನೆ ಬಸವಣ್ಣನವರು, 'ಗುಹೇಶ್ವರ' ಎಂದೊಡನೆ ಅಲ್ಲಮಪ್ರಭುಗಳು ನೆನಪಾಗುತ್ತಾರೆ. ಆದರೆ ತಾಡೋಲೆಗಳ ಪಾಠ ಪರಿಷ್ಕರಿಸಿದವರಿಗೆ ಒಂದು ಸಂಗತಿ ತಿಳಿದಿದೆ: ಅಂಕಿತವನ್ನು ಯಾರು ಬೇಕಾದರೂ ಬರೆಯಬಹುದು, ನಡುವಿನ ಸಾಲು ಬದಲಾದರೂ ಕೊನೆಯ ಅಂಕಿತ ಹಾಗೆಯೇ ನಿಲ್ಲುತ್ತದೆ. ಪ್ರಕ್ಷಿಪ್ತ ವಚನಗಳ ಚರ್ಚೆ ಇಂದಿಗೂ ಮುಗಿಯದಿರಲು ಇದೂ ಒಂದು ಕಾರಣ.

ಇಂದಿನ ಡಿಜಿಟಲ್ ಸಹಿಯಾದರೋ ಬರಹದ ಒಡಲಿನಿಂದಲೇ ಹುಟ್ಟುತ್ತದೆ. ಅದರ ಬಗೆಯನ್ನರಿಯಲು ಒಂದು ಕ್ಯಾಲ್ಕುಲೇಟರಿನ ಕಥೆ ಸಾಕು. 1985ರಲ್ಲಿಯೇ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ವಿದ್ಯಾರ್ಥಿಗಳಿಗಾಗಿ ಟಿಐ-83 ಪ್ಲಸ್ ಎಂಬ ಯಂತ್ರವನ್ನು ತಯಾರಿಸಿತು. ಅದರ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ತುಂಬಬಹುದಿತ್ತು. ಕಂಪನಿಯು ಆ ವ್ಯವಸ್ಥೆಯನ್ನು ಆದ್ಯಂತವಾಗಿ ಲೆಕ್ಕಕ್ಕೆ ಹಿಡಿದು ಒಂದು ಸಾರಸಂಖ್ಯೆಯನ್ನು ತೆಗೆಯುವುದು; ತನ್ನಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ ಅದನ್ನು ಸಹಿಯಾಗಿ ಮಾರ್ಪಡಿಸುವುದು. ಯಂತ್ರದೊಳಗೆ ಇನ್ನೊಂದು ಕೀಲಿ, ಬಹಿರಂಗವಾದುದು. ಯಂತ್ರವು ಅದರಿಂದ ಸಹಿಯನ್ನು ಬಿಡಿಸಿ, ತಾನೇ ತೆಗೆದ ಸಾರಸಂಖ್ಯೆಯೊಡನೆ ತಾಳೆ ನೋಡುವುದು. ಒಂದಂಕಿ ಬದಲಾಗಿದ್ದರೂ ಆ ವ್ಯವಸ್ಥೆಗೆ ಪ್ರವೇಶವಿಲ್ಲ. ಬಹಿರಂಗ ಕೀಲಿಯಿಂದ ಸಹಿಯನ್ನು ಪರೀಕ್ಷಿಸಬಹುದು, ಹಾಕಲಾಗದು.

ಇದರ ಬಲವೆಲ್ಲ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳಲ್ಲಿದೆ. ಅವನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಅವನ್ನು ಹುಡುಕುವುದು ಕಠಿಣ. ಕ್ಯಾಲ್ಕುಲೇಟರಿನ ಗುಣಲಬ್ಧಕ್ಕೆ 150ಕ್ಕೂ ಹೆಚ್ಚು ಅಂಕಿಗಳಿದ್ದವು. 1999ರಲ್ಲಿ ಯಂತ್ರ ಹೊರಬಂದಾಗ ಅಷ್ಟು ಸಾಕೆನಿಸಿತ್ತು. 2009ರಲ್ಲಿ ಹವ್ಯಾಸಿಯೊಬ್ಬರು ಸ್ವಂತ ಕಂಪ್ಯೂಟರನ್ನೇ ಕೆಲವು ತಿಂಗಳು ದುಡಿಸಿ ಆ ಎರಡು ಸಂಖ್ಯೆಗಳನ್ನು ಹೊರಗೆಡಹಿದರು. ಗುಪ್ತ ಕೀಲಿ ಬಯಲಾಯಿತು. ಕಂಪನಿಯು ಕಾನೂನಿನ ನೋಟಿಸುಗಳನ್ನು ಕಳುಹಿಸಿತು. ನೋಟಿಸಿಗೆ ಅಂಜಿ ಗಣಿತ ಹಿಂದಿರುಗೀತೆ? ಹಣ ಕೊಟ್ಟು ಕೊಂಡವನು ತನ್ನ ಯಂತ್ರದಲ್ಲಿ ತಾನು ಬರೆದುದನ್ನು ನಡೆಸಬಯಸಿದರೆ ಅದನ್ನು ಕಳ್ಳತನವೆನ್ನಲು ನನ್ನ ಮನಸ್ಸು ಒಪ್ಪದು.

ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಇಂಥ ಸಹಿಗೆ ಮಾನ್ಯತೆ ನೀಡಿತು. ಇಂದು ರೂಢಿಯಲ್ಲಿರುವ ಕೀಲಿಸಂಖ್ಯೆಗೆ 600ಕ್ಕೂ ಮಿಕ್ಕ ಅಂಕಿಗಳಿವೆ. ಅದು ಮನೆಯ ಕಂಪ್ಯೂಟರಿಗೆ ಬಗ್ಗುವಂಥದಲ್ಲ. ಧಾರವಾಡ, ಕುಂದಗೋಳ, ನವಲಗುಂದಗಳ ನಮ್ಮ ಒಕ್ಕಲು ಮನೆತನಗಳು 'ಭೂಮಿ' ಯೋಜನೆಯಿಂದ ಪಡೆಯುವ ಪಹಣಿಗೂ ಡಿಜಿಟಲ್ ಸಹಿ ಇರುತ್ತದೆ. ಆದರೆ ಆ ಸಹಿಯ ಜೀವ ಕಂಪ್ಯೂಟರಿನ ಕಡತದಲ್ಲಿ. ಕಾಗದದ ಮೇಲೆ ಕಾಣುವುದು ಅದರ ನೆರಳು. ಹೊಲ ಕೊಳ್ಳುವವರು ಮಾರುವವರು ತಂದ ಜೆರಾಕ್ಸನ್ನು ನಂಬಿ ಮುಂಗಡ ಕೊಡದೆ, ಸರ್ವೆ ನಂಬರು ಹೇಳಿ ತಾವೇ ಹೊಸ ಪಹಣಿ ತೆಗೆಸಿ ನೋಡುವುದು ಲೇಸು.